ಕಣ್ಣು ಮುಚ್ಚಿಕೊಂಡು ಆಡುವ ಜಗಳ

ನಮ್ಮ ಮನೆಯಲ್ಲಿ ಗಂಡ ಹೆಂಡತಿ ಜಗಳ ಆಡುವುದಿಲ್ಲ. ಪ್ರಾರ್ಥನೆ ಮಾಡುತ್ತೇವೆ.

ನಗಬೇಡಿ. ಕ್ರೈಸ್ತರ ಮನೆಯಲ್ಲಿ ಬೆಳೆದವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಉಳಿದವರಿಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಸಂಜೆ ಏಳರ ಹೊತ್ತಿಗೆ ಚಾಪೆ ಹಾಸಿಕೊಂಡು ಕೂರುತ್ತೇವೆ. ಒಂದು ಕೀರ್ತನೆ ಹಾಡಿ, ನಾಲ್ಕು ಸಾಲು ಬೈಬಲ್ ವಾಕ್ಯ ಓದಿದ ಮೇಲೆ ಒಬ್ಬರಾದ ಮೇಲೆ ಒಬ್ಬರು ಗಟ್ಟಿಯಾಗಿ ಪ್ರಾರ್ಥಿಸಬೇಕು. ಎಲ್ಲರ ಕಣ್ಣೂ ಮುಚ್ಚಿರಬೇಕು. ಒಬ್ಬರು ದೇವರ ಜೊತೆ ಮಾತಾಡುತ್ತಿರುವಾಗ ಇನ್ನೊಬ್ಬರು ನಡುವೆ ಬಾಯಿ ಹಾಕುವಂತಿಲ್ಲ.

ಈ ಕೊನೆಯ ನಿಯಮ ಎಷ್ಟು ಅನುಕೂಲದ್ದು ಎಂದು ನನಗೆ ಗೊತ್ತಾದದ್ದು ಮದುವೆಯಾದ ಮೇಲೆ. ಹೆಂಡತಿಗೆ ನೇರವಾಗಿ ಹೇಳಿದರೆ ತಿರುಗಿ ಉತ್ತರ ಬರುತ್ತದೆ. ದೇವರಿಗೆ ಹೇಳಿದರೆ? "ಕರ್ತನೇ, ಈ ಮನೆಯಲ್ಲಿ ಕೆಲವರಿಗೆ ನಾಲಿಗೆಯ ಮೇಲೆ ಹತೋಟಿ ದಯಪಾಲಿಸು." ಯಾರು ಆ ಕೆಲವರು? ಮನೆಯಲ್ಲಿ ಇರುವವರೇ ಇಬ್ಬರು!

ನನ್ನ ಹೆಂಡತಿ ಸುಗುಣ ಮೊದಮೊದಲು ಸುಮ್ಮನಿದ್ದಳು. ಆಮೇಲೆ ಅವಳಿಗೂ ದಾರಿ ಸಿಕ್ಕಿತು. "ಕರ್ತನೇ, ದಿನಾ ನೆಲದಿಂದ ಒದ್ದೆ ಟವೆಲ್ ಎತ್ತುವ ಸೊಂಟದ ನೋವು ನಿನಗೆ ಗೊತ್ತು. ಎಸೆಯುವ ಕೈಗೂ ಅದು ತಿಳಿಯುವಂತೆ ಮಾಡು. ಆಮೆನ್." ಆಮೆನ್ ಅಂದ ಮೇಲೆ ಮುಗಿಯಿತು. ಅಪೀಲಿಗೆ ಮರುದಿನ ಸಂಜೆಯವರೆಗೆ ಕಾಯಬೇಕು.

ಇವೆಲ್ಲ ಫ್ಯಾಕ್ಟರಿ ನಡೆಯುತ್ತಿದ್ದ ಕಾಲದ ಸಣ್ಣಪುಟ್ಟ ಪ್ರಾರ್ಥನೆಗಳು. ನಾನು ಟೂಲ್ ಸ್ಟೋರ್ಸಿನಲ್ಲಿ ಕ್ಲರ್ಕ್ ಎಂಬುದು ಈ ಅಂಕಣ ಓದುವ ನಿಮಗೆ ಗೊತ್ತೇ ಇದೆ. ದೀಪಾವಳಿಗೆ ಮುಂಚೆ ಲಾಕೌಟ್ ಆಯಿತು. ಕ್ರಿಸ್ಮಸ್ ಕಳೆದರೂ ಬೀಗ ಹಾಗೇ ಇದೆ. ಗೇಟಿನ ಎದುರು ಯೂನಿಯನ್‌ನವರು ಟೆಂಟ್ ಹಾಕಿದ್ದಾರೆ. ನಾವು ಡ್ಯೂಟಿಗೆ ಹೋದ ಹಾಗೆ ಬೆಳಿಗ್ಗೆ ಹೋಗಿ, ಅಲ್ಲಿ ಕೂತು, ಬೀಗವನ್ನು ನೋಡಿಕೊಂಡು ವಾಪಸ್ ಬರುತ್ತೇವೆ.

"ಕಷ್ಟ ಬಂದಾಗಲೇ ನಮ್ಮ ಒಳಗಿನ ಮನುಷ್ಯ ಯಾರು ಅಂತ ಗೊತ್ತಾಗೋದು," ಎಂದು ನಮ್ಮ ಚರ್ಚಿನ ಪಾಸ್ಟರ್ ಅಯ್ಯನವರು ಒಂದು ಭಾನುವಾರ ಬೋಧಿಸಿದರು. ಮೊದಲ ಸಾಲಿನಲ್ಲಿ ಕೂತಿದ್ದ ನಾನು ಎಲ್ಲರಿಗೂ ಕಾಣುವಂತೆ ತಲೆಯಾಡಿಸಿದೆ. ನನ್ನ ಒಳಗಿನ ಮನುಷ್ಯನೂ ಹೊರಗೆ ಬಂದಿದ್ದ. ಬಂದವನು ಮೂರು ಹೊತ್ತೂ ಕಾಫಿ ಕೇಳುತ್ತಿದ್ದ, ಬಾಗಿಲು ದಢಾರನೆ ಹಾಕುತ್ತಿದ್ದ, ಸಾರಿಗೆ ಉಪ್ಪು ಕಡಿಮೆ ಎಂದು ತಟ್ಟೆ ದೂಡುತ್ತಿದ್ದ.

ಹೊಸ್ತಿಲು ದಾಟಿದರೆ ಮಾತ್ರ ನನ್ನಷ್ಟು ಸಮಾಧಾನಿ ಇನ್ನೊಬ್ಬನಿಲ್ಲ. ಕಷ್ಟದಲ್ಲಿ ಕ್ರೈಸ್ತ ಗುಣ ಹೇಗೆ ಪಕ್ವವಾಗುತ್ತದೆ ಎಂದು ಇದೇ ಅಂಕಣದಲ್ಲಿ ಬರೆದೂ ಬಿಟ್ಟೆ. ಅಯ್ಯನವರು ಅದನ್ನು ಕತ್ತರಿಸಿ ಚರ್ಚಿನ ನೋಟಿಸ್ ಬೋರ್ಡಿಗೆ ಅಂಟಿಸಿದರು. (ಸುಗುಣ ಪೂರ್ತಿ ಓದಿ, "ಯಾರೋ ತುಂಬಾ ಒಳ್ಳೆಯವರ ಹಾಗಿದ್ದಾರೆ" ಎಂದಳು.)

ಇಂಥ ಹೊತ್ತಿನಲ್ಲಿ ಒಂದು ಸುದ್ದಿ ಬಂತು. ನಾವಿರುವ ಹೂಡಿಯಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿ ರೇಡಿಯೋ ಬಿಡಿಭಾಗ ಮಾಡುವ ಹೊಸ ಯೂನಿಟ್ ಶುರುವಾಗಿದೆ, ಸೋಲ್ಡರಿಂಗ್ ಕೆಲಸಕ್ಕೆ ಹೆಂಗಸರನ್ನು ತೆಗೆದುಕೊಳ್ಳುತ್ತಾರೆ, ಎಸ್ಸೆಸ್ಸೆಲ್ಸಿ ಆಗಿದ್ದರೆ ಸಾಕು. ಬರುವ ಸೋಮವಾರ ಇಂಟರ್‌ವ್ಯೂ. ಅದು ಬಿಟ್ಟರೆ ಸದ್ಯಕ್ಕೆ ಇನ್ನು ತೆಗೆದುಕೊಳ್ಳುವುದಿಲ್ಲವಂತೆ.

"ನಾನು ಹೋಗ್ಲಾ?" ಎಂದು ಸುಗುಣ ಕೇಳಿದಳು. ಕಣ್ಣು ತೆರೆದು, ನನ್ನ ಮುಖ ನೋಡಿಯೇ ಕೇಳಿದಳು.

ನಾನು, "ಸಂಜೆ ಪ್ರಾರ್ಥನೆ ಮಾಡೋಣ" ಎಂದೆ.

ನಿಜ ಹೇಳಿಬಿಡುತ್ತೇನೆ. ನನ್ನ ಅಡ್ಡಿ ದೇವರದ್ದಲ್ಲ, ನಂಜುಂಡಪ್ಪನದು. ಟೆಂಟಿನಲ್ಲಿ ನನ್ನ ಪಕ್ಕ ಕೂರುವ ಟರ್ನರ್ ಅವನು. ಬಾಯಿ ಬಲ ಜಾಸ್ತಿ. ಬೇರೆ ಸೆಕ್ಷನ್ನಿನವನೊಬ್ಬ ಹೆಂಡತಿಯನ್ನು ಕೆಲಸಕ್ಕೆ ಕಳಿಸಿದ ಸುದ್ದಿ ಬಂದಾಗ, "ಇನ್ಮೇಲೆ ಅವ್ನು ಸೀರೆ ಉಟ್ಕೊಂಡು ಮನೇಲಿರ್ಲಿ ಬಿಡು ಮಗಾ" ಎಂದು ಇಡೀ ಟೆಂಟನ್ನು ನಗಿಸಿದ್ದ. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು.

ಸಂಜೆ ನನ್ನ ಸರದಿ ಮೊದಲು. "ಕರ್ತನೇ, ನಿನ್ನ ಸಮಯಕ್ಕಾಗಿ ಕಾಯುವ ತಾಳ್ಮೆಯನ್ನು ನಮಗೆ ಕೊಡು. ಆತುರಪಡುವವರನ್ನು ತಡೆ. ಮುಚ್ಚಿದ ಬಾಗಿಲನ್ನು ನೀನೇ ತೆರೆಯುವಿ." (ಬಾಗಿಲು ಮುಚ್ಚಿದ್ದು ಮ್ಯಾನೇಜ್‌ಮೆಂಟ್. ನಡುವೆ ದೇವರನ್ನು ಯಾಕೆ ಎಳೆದೆನೋ!)

ಸುಗುಣ ಗಂಟಲು ಸರಿಮಾಡಿಕೊಂಡಳು. "ಕರ್ತನೇ, ಸೋಮವಾರ ಬೆಳಿಗ್ಗೆ ಒಂದು ಬಾಗಿಲು ತೆರೆದೇ ಇರುತ್ತದೆ. ಅದು ಕಾಣದವರಿಗೆ ಕಣ್ಣು ಕೊಡು. ಆಮೆನ್."

ಮರುದಿನ ನಾನು ಹಿಂದಿನ ಕಾಲದ ಭಕ್ತೆಯರ ವಿಧೇಯತೆಗಾಗಿ ಸ್ತೋತ್ರ ಸಲ್ಲಿಸಿದೆ. ಅವಳು, ಹೆಂಡತಿಯ ಮಾತು ಕೇಳಿ ಉದ್ಧಾರವಾದ ಭಕ್ತರಿಗಾಗಿ ಸ್ತೋತ್ರ ಸಲ್ಲಿಸಿದಳು. ಹೀಗೆ ವಾರವೆಲ್ಲ ನಡೆಯಿತು. ಹಗಲಿನಲ್ಲಿ ಮಾತ್ರ ಇಬ್ಬರೂ ಆ ವಿಷಯ ಎತ್ತಲಿಲ್ಲ. ಎಷ್ಟೆಂದರೂ ಮರ್ಯಾದಸ್ಥರು ನಾವು.

ಶನಿವಾರ ನಾನು ಬಹಳ ಹೊತ್ತು ಪ್ರಾರ್ಥಿಸಿದೆ. ತಾಳ್ಮೆಯ ಮಹಿಮೆಯನ್ನು ದೇವರಿಗೇ ವಿವರಿಸಿ ಹೇಳಿದೆ. ಆಮೆನ್ ಅಂದು, ಎದುರಾಳಿಯ ಉತ್ತರಕ್ಕಾಗಿ ಕಾದೆ. ಉತ್ತರ ಬರಲಿಲ್ಲ. ನಿಯಮ ಮುರಿದು ಒಂದು ಕಣ್ಣು ತೆರೆದೆ.

ಸುಗುಣ ಚಾಪೆಯ ಮೇಲೆ ಇರಲಿಲ್ಲ. ಇಂಟರ್‌ವ್ಯೂಗೆಂದು ಗಂಜಿ ಹಾಕಿ ಒಣಗಿಸಿಟ್ಟಿದ್ದ ಸೀರೆಯನ್ನು ಮಡಚಿ ಟ್ರಂಕಿನ ತಳದಲ್ಲಿ ಇಡುತ್ತಿದ್ದಳು.

"ಯಾಕೆ, ನೀನು ಪ್ರಾರ್ಥನೆ ಮಾಡಲ್ವಾ?"

"ಬೇಡ. ಇವತ್ತಿಗೆ ನಿಮ್ಮದೇ ಸಾಕು ದೇವರಿಗೆ."

ಅವಳು ಅಳುತ್ತಿರಲಿಲ್ಲ. ಅತ್ತಿದ್ದರೆ ಸಮಾಧಾನ ಮಾಡಿ ದೊಡ್ಡವನಾಗಬಹುದಿತ್ತು. ಅವಳ ಧ್ವನಿಯಲ್ಲಿ ಸಿಟ್ಟೂ ಇರಲಿಲ್ಲ, ಬರೀ ದಣಿವು. ಗೆದ್ದೆ ಎಂದು ಖುಷಿಯಾಗಬೇಕಿತ್ತು. ಹೆದರಿಕೆಯಾಯಿತು.

ಆಗ ಮೇಲಿನಿಂದ ಒಂದು ಧ್ವನಿ ಬಂತು. "ಯಾಕಮ್ಮಾ ಸುಗುಣಮ್ಮ, ಇವತ್ತು ನಿಂದಿಲ್ವಾ?"

ದೇವರಲ್ಲ. ಮನೆ ಓನರ್ ಪಿಳ್ಳಮ್ಮ. ನಾವಿರುವುದು ಅವರ ಹಳೆಯ ಹೆಂಚಿನ ಮನೆಯ ಅರ್ಧ ಭಾಗದಲ್ಲಿ. ನಡುವಿನ ಗೋಡೆ ಆಳೆತ್ತರಕ್ಕೆ ನಿಂತುಬಿಟ್ಟಿದೆ, ಹೆಂಚಿನವರೆಗೆ ಹೋಗಿಲ್ಲ. ಅವರ ಮನೆಯ ಒಗ್ಗರಣೆಗೆ ನಾವು ಸೀನುತ್ತೇವೆ. ನಮ್ಮ ಮಾತು ಆಚೆಗೆ ಹೋಗುತ್ತದೆ ಎಂದು ಮಾತ್ರ ನನಗೆ ಯಾಕೆ ಹೊಳೆದಿರಲಿಲ್ಲ? ದೇವರಿಗೆ ಹೇಳಿದ್ದು ಸೀದಾ ದೇವರಿಗೇ ಹೋಗುತ್ತದೆ ಎಂದುಕೊಂಡಿದ್ದೆ.

"ಅಮ್ಮಾ, ನಮ್ಮ ಪ್ರಾರ್ಥನೆ ನಿಮಗೆ ಕೇಳ್ಸತ್ತಾ?" ಎಂದೆ.

"ಕೇಳಿಸ್ದೆ ಏನಪ್ಪಾ? ಏಳ್ಗಂಟೆಗೆ ರೇಡಿಯಾ ಆರಿಸ್ಬುಟ್ಟು ಕೂತ್ಕೋತೀವಿ. ನಾನೂ ನಮ್ ಸೊಸೇನೂ ಸುಗುಣಮ್ಮನ್ ಪಾರ್ಟಿ. ನಮ್ ಯಜಮಾನ್ರು ನಿನ್ ಪಾರ್ಟಿ ಇದ್ರು. ನಿನ್ನೆಯಿಂದ ಅವ್ರೂ ಇತ್ಲಾಗ್ ಬಂದ್ಬುಟ್ಟವ್ರೆ."

ಭೂಮಿ ಬಾಯಿ ಬಿಡಬಾರದೇ ಎನಿಸಿತು. ಟವೆಲ್, ಉಪ್ಪು, ನಾಲಿಗೆಯ ಹತೋಟಿ, ಎಲ್ಲವೂ ಊರಿನ ಕಿವಿಗೆ ಬಿದ್ದಿದೆ!

"ಒಂದ್ ಮಾತು ಯೋಳ್ತೀನಿ, ಬ್ಯಾಸ್ರ ಮಾಡ್ಕಬ್ಯಾಡ," ಎಂದರು ಪಿಳ್ಳಮ್ಮ. "ತಾಳ್ಮೆ ಕೊಡು, ತಾಳ್ಮೆ ಕೊಡು ಅಂತ ದಿನಾ ಕೇಳ್ತೀಯಲ್ಲ, ನಿಮ್ ದ್ಯಾವ್ರು ಆಗ್ಲೇ ಕೊಟ್ಟವ್ನೆ ಕಣಪ್ಪಾ. ಎಲ್ಲಾನೂ ಸುಗುಣಮ್ಮಂಗೆ ಕೊಟ್ಟವ್ನೆ. ನೀನು ಬ್ಯಾರೆ ಏನಾರಾ ಕೇಳ್ಕೋ."

ಸುಗುಣ ಟ್ರಂಕಿನ ಮುಚ್ಚಳ ಹಿಡಿದುಕೊಂಡು ನಗತೊಡಗಿದಳು. ನಕ್ಕೂ ನಕ್ಕೂ ಈಗ ನಿಜವಾಗಿಯೂ ಅವಳ ಕಣ್ಣಲ್ಲಿ ನೀರು ಬಂತು. ನಾನು ಚಾಪೆ ಸುತ್ತುವ ನೆಪದಲ್ಲಿ ಎದ್ದೆ.

ಭಾನುವಾರ ಚರ್ಚಿನಲ್ಲಿ ನನಗೆ ಬೋಧನೆ ಕಿವಿಗೇ ಬೀಳಲಿಲ್ಲ. ಬೇರೆ ಏನು ಕೇಳಿಕೊಳ್ಳಲಿ ಎಂದೇ ಯೋಚಿಸುತ್ತಿದ್ದೆ. ತಪ್ಪಿಸಲಾಗದ ಕಷ್ಟವನ್ನು ಸಹಿಸುವುದು ದೊಡ್ಡ ಗುಣ, ಒಪ್ಪಿದೆ. ಆದರೆ ಕಷ್ಟ ಕಡಿಮೆಯಾಗುವ ದಾರಿಗೆ ಅಡ್ಡ ಕೂತು, ನೋಡಿ ನಾನು ಎಷ್ಟು ಸಹಿಸುತ್ತಿದ್ದೇನೆ ಎನ್ನುವುದು? ಅದೂ ಅಕ್ಕಿ ಡಬ್ಬದ ತಳ ಕೆರೆಯುವವಳು ಅವಳು, ಸಹಿಸುವ ಹೆಸರು ನನ್ನದು. ನನಗಿದ್ದದ್ದು ತಾಳ್ಮೆಯಲ್ಲ, ನಾಲ್ಕು ಜನ ನಗುತ್ತಾರೆಂಬ ಪುಕ್ಕಲುತನ. ಅದಕ್ಕೆ ಒಳ್ಳೆಯ ಹೆಸರಿಟ್ಟು ಭಾನುವಾರದ ಅಂಗಿ ತೊಡಿಸಿದ್ದೆ.

ಸಂಜೆ ಪ್ರಾರ್ಥಿಸಿದೆ. ಇಷ್ಟು ವರ್ಷಗಳಲ್ಲಿ ನಾನು ಮಾಡಿದ ಅತಿ ಚಿಕ್ಕ ಪ್ರಾರ್ಥನೆ ಅದು. "ಕರ್ತನೇ, ನನಗೆ ಹೆದರಿಕೆ. ಧೈರ್ಯ ಕೊಡು. ಸುಗುಣ ನಾಳೆ ಹೋಗಿಬರಲಿ."

ಗೋಡೆಯಾಚೆ ಯಾರೋ ಕೆಮ್ಮಿದರು. ಸುಗುಣ ಟ್ರಂಕ್ ತೆಗೆದಳು. ಇಸ್ತ್ರಿ ಪೆಟ್ಟಿಗೆಗೆ ಕೆಂಡ ತುಂಬಲು ನಾನೇ ಹೋಗಿ ಬೆರಳು ಸುಟ್ಟುಕೊಂಡೆ. ಬೈಯಬೇಕೆನಿಸಿತು. ಸುತ್ತ ನೋಡಿದೆ, ತಪ್ಪು ಹೊರಿಸಲು ಯಾರೂ ಸಿಗಲಿಲ್ಲ.

ಸೋಮವಾರ ಅವಳು ಹೋದಳು. ಕೆಲಸ ಸಿಕ್ಕಿತು. ಅವಳು ಬಂದು ಹೇಳಿದಾಗ ನನಗೆ ಖುಷಿಯಾಯಿತು. ಹಿಂದೆಯೇ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು. ಒಳಗಿನ ಮನುಷ್ಯ ಅಷ್ಟು ಬೇಗ ಊರು ಬಿಡುವವನಲ್ಲ.

ಮಂಗಳವಾರ ಟೆಂಟಿಗೆ ಹೋದೆ. ಕೂರುವ ಮೊದಲೇ ನಂಜುಂಡಪ್ಪ, "ಏನ್ ಗುರು, ನಿಮ್ಮನೆಯವ್ರು ಕೆಲ್ಸಕ್ಕೆ ಸೇರವ್ರಂತೆ?" ಎಂದ. ಸುತ್ತಲಿದ್ದವರೆಲ್ಲ ತಿರುಗಿ ನೋಡಿದರು.

"ಹೌದು ಕಣೋ. ನಿನ್ನೆ ಸೆಲೆಕ್ಟ್ ಆದ್ಲು," ಎಂದೆ. ಸೀರೆಯ ಜೋಕಿಗೆ ಮೈ ಬಿಗಿಹಿಡಿದು ಕೂತೆ.

ಜೋಕ್ ಬರಲಿಲ್ಲ. ನಂಜುಂಡಪ್ಪ ಬೀಡಿ ಬಿಸಾಕಿ ಎದ್ದ. ಭುಜ ಹಿಡಿದು ನನ್ನನ್ನು ಟೆಂಟಿನ ಹಿಂದಕ್ಕೆ ಕರೆದುಕೊಂಡು ಹೋದ. ಯಾರೂ ಇಲ್ಲವೆಂದು ನೋಡಿಕೊಂಡು ಮೆಲ್ಲಗೆ ಕೇಳಿದ: "ಅಲ್ಲಿ ಇನ್ನೂ ಜಾಗ ಐತಾ? ನಮ್ಮನೆಯವ್ಳು ಓದ್ ವಾರದಿಂದ ಒಂದೇ ಸಮ ಕೇಳ್ತಾವ್ಳೆ. ನೀವೆಲ್ಲ ನಗ್ತೀರಾ ಅಂತ ತಡೆದ್ಬುಟ್ಟೆ ಮಗಾ."

ಸೋಮವಾರಕ್ಕೇ ಎಲ್ಲ ಭರ್ತಿಯಾಗಿತ್ತು.

ಅವನು ನನ್ನ ಬಾಯನ್ನೇ ನೋಡುತ್ತಾ ನಿಂತಿದ್ದ. ಏನು ಹೇಳಲಿ ಅವನಿಗೆ, ತಾಳ್ಮೆಯಿಂದಿರು ಅಂತಲೇ?