ನನ್ನ ಕಾರಿನ ಒದರಾಟ, ಮಲಕಾಜಪ್ಪ ಕಾಕಾನ ಅಂಗಾಲು

ಮಲಕಾಜಪ್ಪ ಕಾಕಾನಿಗೆ ಕಿವಿ ಕೇಳುವುದಿಲ್ಲ ಎಂಬುದು ಓಣಿಗೆಲ್ಲ ಗೊತ್ತಾದದ್ದು ನನ್ನ ಕಾರಿನ ದೆಸೆಯಿಂದ. ಅವರು ಗಂಡ ಹೆಂಡತಿ ಇಬ್ಬರೇ ಆರು ವರ್ಷ ಮುಚ್ಚಿಟ್ಟುಕೊಂಡ ಸಂಗತಿಯನ್ನು ಅದು ಒಂದು ಮಧ್ಯಾಹ್ನ ಬೀದಿಗೆ ಹಾಕಿತು. ಅವತ್ತು ಕಾಕಾನ ಕೆಲಸವೇ ಹೋಗುವುದರಲ್ಲಿತ್ತು. ಹಾಗಾಗಿ ಇದನ್ನು ನಾನೇ ಹೇಳಬೇಕು.

ಬನಹಟ್ಟಿಯಲ್ಲಿ ನಮ್ಮ ಮನೆಗೆ ಅಂಟಿಕೊಂಡೇ ನಮ್ಮ ಮಗ್ಗದ ಶೆಡ್ಡು ಇದೆ, ಅದರಲ್ಲಿ ಆರು ಪವರ್‌ಲೂಮ್. ನನ್ನ ಗಂಡ ರಾಜಕುಮಾರ ನೇಯಿಸುತ್ತಾರೆ, ನಾನು ಸೀರೆ ಒಯ್ದು ಜಮಖಂಡಿ, ಮುಧೋಳ, ಬೀಳಗಿಯಲ್ಲಿ ಮಾರುತ್ತೇನೆ. ಬಸ್ಸಿನಲ್ಲಿ ಗಂಟು ಹೊತ್ತು ಕಂಡಕ್ಟರನ ಬಾಯಿ ಎಷ್ಟು ದಿನ ಕೇಳುವುದು ಎಂದು ನಲವತ್ತೊಂದನೇ ವಯಸ್ಸಿಗೆ ಡ್ರೈವಿಂಗ್ ಕಲಿತು ಒಂದು ಹಳೇ ಕಾರು ಕೊಂಡೆ. ಅದರ ಮೊದಲಿನ ಮಾಲೀಕ ಕಳ್ಳರ ಭಯಕ್ಕೆ ಅಲಾರಾಂ ಹಾಕಿಸಿದ್ದ. ಆ ಪುಣ್ಯಾತ್ಮನನ್ನು ನಾನು ಬೈಯದ ದಿನವಿಲ್ಲ.

ಮುಧೋಳದ ಸಂತೆಯಲ್ಲಿ ಇಡೀ ದಿನ ನಿಲ್ಲಿಸಿದರೂ ಕಾರು ಕಮಕ್ ಕಿಮಕ್ ಎನ್ನುತ್ತಿರಲಿಲ್ಲ. ನಮ್ಮ ಬಾಗಿಲಿಗೆ ಬಂದು ಕೀಲಿ ಹಾಕಿದರೆ ಸಾಕು, ದಿನಕ್ಕೆ ಹತ್ತು ಸಲ ಒದರುತ್ತಿತ್ತು. ಜಮಖಂಡಿಯ ಎಲೆಕ್ಟ್ರಿಷಿಯನ್ ಎರಡು ಸಲ ಬಿಚ್ಚಿ, ತಿರುವಿ, ಇನ್ನು ಆನೆ ಗುದ್ದಿದರೂ ಒದರುವುದಿಲ್ಲ ಎಂದು ಕಳಿಸಿದ. ಮನೆ ಮುಟ್ಟಿದ ಅರ್ಧ ತಾಸಿಗೆ ಮತ್ತೆ ಶುರು. ಎದುರುಮನೆಯ ತಾರವ್ವ ಸೊಂಟಕ್ಕೆ ಕೈಯಿಟ್ಟು ಹೊರಗೆ ಬರುತ್ತಿದ್ದಳು.

"ಪೂರ್ಣಿಮಾ, ನಿನ್ನ ಕಾರಿಗಿ ದೃಷ್ಟಿ ತಗಿ ಬೇ. ಏನರ ಹೊಟ್ಟಿ ನೋವ ಎದ್ದಿರಬೇಕ ಅದಕ್ಕ."

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಆದರೆ ತಾರವ್ವನ ಮಾತು ಖರೆಯೇ ಇತ್ತು, ಕೀಲಿ ತರಲು ಒಳಗೆ ಓಡುತ್ತಿದ್ದೆ.

ಮಲಕಾಜಪ್ಪ ಕಾಕಾ ನಮ್ಮ ಶೆಡ್ಡಿನ ಜಾಬರ್, ಅಂದರೆ ಮಗ್ಗ ಕೆಟ್ಟರೆ ಸರಿ ಮಾಡುವವರು. ಕೈಮಗ್ಗದಲ್ಲಿ ಶುರು ಮಾಡಿ, ಮಗ್ಗಕ್ಕೆ ಕರೆಂಟು ಬಂದಾಗ ಬೋಲ್ಟು ಬಿಗಿಯುವ ಪಾನಾ ಹಿಡಿದವರು, ನಲವತ್ತು ವರ್ಷದಿಂದ ಕೆಳಗಿಟ್ಟಿಲ್ಲ. ಚಪ್ಪಲಿಯನ್ನು ಶೆಡ್ಡಿನ ಹೊರಗೆ ಬಿಟ್ಟು ಬರಿಗಾಲಲ್ಲೇ ಒಳಗೆ ಬರುತ್ತಾರೆ. ಒಂದೊಂದೇ ಮಗ್ಗದ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ ನಿಲ್ಲುತ್ತಾರೆ. ಅವರು ದೇವರನ್ನು ನೆನೆಯುತ್ತಾರೆ ಎಂದೇ ನಾನು ತಿಳಿದಿದ್ದೆ. ಲಾಳಿಯೊಳಗಿನ ನೂಲಿನ ಕಂಡಿಕೆ ಸುತ್ತುವ ಅವರ ಹೆಂಡತಿ ಅನಸವ್ವ ಕಾಕು ಯಾವಾಗಲೂ ಅವರ ಕಣ್ಣೆದುರಿಗೇ ಕೂಡುತ್ತಿದ್ದಳು. ಅದೂ ಪ್ರೀತಿ ಎಂದೇ ತಿಳಿದಿದ್ದೆ.

ಗುಟ್ಟು ಆರು ವರ್ಷ ಉಳಿದದ್ದು ಹೇಗೆ ಎಂದು ಹೊರಗಿನವರು ಕೇಳುತ್ತಾರೆ. ಮಗ್ಗದ ಶೆಡ್ಡಿನಲ್ಲಿ ಬಾಯಿ ಯಾರಿಗೆ ಬೇಕು? ಆ ಸಪ್ಪಳದಲ್ಲಿ ಎಲ್ಲರದೂ ಕೈಮಾತೇ. ಎಳೆ ಹರಿದರೆ ಎರಡು ಬೆರಳು ಉಜ್ಜಿ ತೋರಿಸುವುದು, ಮಗ್ಗ ನಿಲ್ಲಿಸಲು ಮುಷ್ಟಿ ಎತ್ತುವುದು, ಉಳಿದದ್ದು ತುಟಿ ನೋಡಿ ತಿಳಿಯುವುದು. ಅಲ್ಲಿ ಕಿವುಡನನ್ನು ಗುರುತಿಸುವವರು ಯಾರು.

ಆ ಮಧ್ಯಾಹ್ನ ಚಹಾಕ್ಕೆಂದು ಮಗ್ಗ ನಿಂತಿದ್ದವು. ಕಾಕಾ ಹೊರಗೆ ಬಂದು ನನ್ನ ಕಾರಿಗೆ ಬೆನ್ನು ಆನಿಸಿ ಕಪ್ಪು ಹಿಡಿದು ನಿಂತರು. ಒಳಗೆ ಮಗ್ಗ ಒಂದೊಂದೇ ಚಾಲೂ ಆದವು, ಕಾರು ಒದರಿತು. ನಾನು ಕೀಲಿ ಹುಡುಕಿಕೊಂಡು ಬರುವಷ್ಟರಲ್ಲಿ ತಾರವ್ವ, ರಾಜಕುಮಾರ, ಆಚೆ ಮನೆಯವರು ಎಲ್ಲ ಬಾಗಿಲಲ್ಲಿದ್ದರು. ಕಾಕಾ ಮಾತ್ರ ಚಹಾ ಊದಿ ಊದಿ ಕುಡಿಯುತ್ತಿದ್ದರು. ಅನಸವ್ವ ಕಾಕು ಓಡಿಬಂದು ಭುಜ ಮುಟ್ಟಿದಾಗಲೇ ತಿರುಗಿದರು. ಅಷ್ಟು ಹೊತ್ತಿಗೆ ಎಲ್ಲರಿಗೂ ತಿಳಿದಿತ್ತು. ನಾನು ಕಾರು ಸುಮ್ಮನಾಗಿಸಿದೆ.

"ಎಷ್ಟ ದಿನ ಆತು ಕಾಕು?" ರಾಜಕುಮಾರ ಕೇಳಿದರು.

"ಆರ ವರ್ಷ," ಎಂದಳು ಅನಸವ್ವ ಕಾಕು. "ಆರ ವರ್ಷದಾಗ ಯಾವ ಮಗ್ಗ ಕೆಡಿಸ್ಯಾರ ಹೇಳ ನೀ."

"ಕೆಡಿಸಿಲ್ಲ ಖರೆ. ಆದ್ರ ನಾಳಿ ಲಾಳಿ ಹಾರಿ ಬಂದ್ರ, 'ಸರೀರಿ' ಅಂತ ಒದರಿದ್ರ ಇವರಿಗಿ ಕೇಳಸೂದಿಲ್ಲ. ಕಣ್ಣ ಹೋದ್ರ ಯಾರ ತಂದ ಕೊಡ್ತಾರ? ನಾಳಿಂದ ಕಾಕಾ ಮನ್ಯಾಗ ಆರಾಮ ಇರಲಿ."

ನನ್ನ ಗಂಡ ಕೆಟ್ಟವರಲ್ಲ, ಆ ಮಾತೂ ಅಂಜಿಕೆಯಿಂದ ಬಂದದ್ದು. ಆದರೂ ನನಗೆ ಮೈಯೆಲ್ಲ ಉರಿಯಿತು. "ಅವರ ಎದುರಿಗೇ ನಿಂತ, ಅವರನ್ನ ಬಿಟ್ಟ ಮಾತಾಡಾಕತ್ತೀರಲ್ರಿ," ಎಂದೆ.

ಕಾಕಾ ನಮ್ಮ ತುಟಿಗಳನ್ನೇ ನೋಡುತ್ತಿದ್ದರು. ಕಪ್ಪು ಕೆಳಗಿಟ್ಟು, "ರಾಜು, ಎಲ್ಲಾ ಮಗ್ಗ ಬಂದ್ ಮಾಡಿಸಿ ಒಂದೊಂದ ಚಾಲೂ ಮಾಡಸು. ಪೂರ್ಣಿಮವ್ವ, ನೀ ಕಾರಿಗಿ ಕೀಲಿ ಹಾಕು," ಎಂದರು. "ಈಗ ನನ್ನ ಬೆನ್ನಿಗಿ ಏನೋ ಬಡದೈತಿ. ಅದು ಕಾರಿಂದಲ್ಲ, ನೆಲದಾಗಿಂದ ಬಂದದ್ದ."

ರಾಜಕುಮಾರ ನನ್ನ ಮುಖ ನೋಡಿದರು. ನಾನು ಕೀಲಿ ಹಾಕಿದೆ.

ಕಾಕಾ ಬರಿಗಾಲಲ್ಲಿ ಗಟ್ಟಿಯಾಗಿ ನಿಂತು, ಕಾರಿನ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿದರು. ಒಳಗೆ ರಾಜಕುಮಾರ ಒಂದನೇ ಮಗ್ಗ ಓಡಿಸಿ ನಿಲ್ಲಿಸಿದರು, ಕಾರು ಸುಮ್ಮನಿತ್ತು. ಎರಡನೆಯದೂ, ಮೂರನೆಯದೂ ಹಾಗೇ. ನಾಲ್ಕನೆಯದು ಚಾಲೂ ಆದದ್ದೇ ಕಾಕಾ ಬೆರಳೆತ್ತಿದರು. ಬೆರಳು ಎತ್ತಿದ ಮೇಲೆ ಕಾರು ಒದರಿತು. ಅದಕ್ಕೂ ಮೊದಲೇ ಅವರಿಗೆ ಗೊತ್ತಾಗಿತ್ತು, ನಾನು ಕಣ್ಣಾರೆ ಕಂಡೆ.

ಮಗ್ಗ ನಿಲ್ಲಿಸಿ ಒಳಗೆ ಹೋಗಿ ನೋಡಿದರೆ, ನಾಲ್ಕನೇ ಮಗ್ಗದ ಗೋಡೆಯ ಕಡೆಯ ಕಾಲಿನ ಬುಡದಲ್ಲಿ ಸಿಮೆಂಟು ಪುಡಿಯಾಗಿ ಬೋಲ್ಟು ಕೈಗೇ ತಿರುಗುತ್ತಿತ್ತು. ಆ ಗೋಡೆಯ ಆಚೆಗೇ ನನ್ನ ಕಾರು, ಮಗ್ಗದ ಅದುರು ನೇರ ಅದಕ್ಕೇ ಬಡಿಯುತ್ತಿತ್ತು.

"ಕಳೆದ ತಿಂಗಳ ನಾನ ಬಿಗದಿದ್ದೆ," ಎಂದರು ಕಾಕಾ. "ಬುಡಾ ನೋಡಿರಲಿಲ್ಲ. ತಪ್ಪ ನಂದ ಐತಿ. ಇನ್ನ ನಾಕ ದಿನಾ ಓಡಿದ್ರ ಮಗ್ಗ ವಾಲಿ, ನೀ ಅಂದಂಗ ಲಾಳಿ ಹಾರತಿತ್ತ ರಾಜು."

ಸಾಗವಾನಿ ತುಂಡು ಕೆತ್ತಿ ಕಾಲ ಕೆಳಗೆ ಬಡಿದು, ಬೋಲ್ಟು ಬಿಗಿದರು. ಸಿಮೆಂಟು ನಾಳೆ ಹಾಕೋಣ ಎಂದರು. ಆರೂ ಮಗ್ಗ ಒಟ್ಟಿಗೆ ಚಾಲೂ ಮಾಡಿಸಿ ಹೊರಗೆ ಬಂದರು. ಇಡೀ ಓಣಿ ನನ್ನ ಕಾರನ್ನು ನೋಡುತ್ತ ನಿಂತಿತ್ತು. ಕಾರು ಹೊಟ್ಟೆ ತುಂಬಿದ ಎಮ್ಮೆಯ ಹಾಗೆ ಸುಮ್ಮನಿತ್ತು.

ಕಾಕಾ ಕಾರನ್ನು ಮುಟ್ಟಲಿಲ್ಲ. ಅನಸವ್ವ ಕಾಕುವಿನ ಕಡೆಗೂ ನೋಡಲಿಲ್ಲ. ಎಲ್ಲರ ಎದುರು ನನ್ನ ಹತ್ತಿರ ಬಂದು ದೊಡ್ಡ ದನಿಯಲ್ಲೇ ಕೇಳಿದರು.

"ಒದರೂದ ನಿಂತೈತೇನವಾ? ನನಗ ಕೇಳಸೂದಿಲ್ಲ, ನೀನ ಹೇಳಬೇಕ."

ನಾನು ಹೌದೆಂದು ತಲೆ ಆಡಿಸಿದೆ. ಅನಸವ್ವ ಕಾಕು ಸೆರಗಿನಿಂದ ಮುಖ ಒರೆಸಿಕೊಂಡಳು.

ರಾಜಕುಮಾರ ಮುಂದೆ ಬಂದರು. ಶೆಡ್ಡಿನ ಕೈಮಾತಿನಲ್ಲೇ, ಕಾಕಾನ ಕಣ್ಣೆದುರು ನಿಂತು ಆರು ಬೆರಳು ತೋರಿಸಿ, ಕೈಯನ್ನು ನೆಲದತ್ತ ಇಳಿಸಿ, ಬುಡ ಒತ್ತಿ ನೋಡುವಂತೆ ಮಾಡಿದರು. ಆರೂ ಮಗ್ಗದ ಬುಡ ನೋಡಬೇಕು ಎಂದು.

ಕಾಕಾ ಪಾನಾ ಒರೆಸಿ ಹೆಗಲ ಚೀಲಕ್ಕೆ ಹಾಕಿಕೊಂಡರು.

"ನಾಳಿ ಎಂಟಕ್ಕ ಬರ್ತೇನಿ," ಎಂದರು. "ನೀ ತಡಾ ಮಾಡಿ ಬಾಗಲಾ ತಗೀಬ್ಯಾಡ."