ಕ್ಲಿಫರ್ಡನ ಹೊಟ್ಟೆನೋವು

ನನ್ನ ತಮ್ಮ ಕ್ಲಿಫರ್ಡ್ ಹ್ಯಾಸ್ಲಮ್ ಎಂಟು ವರ್ಷ ಟೀವಿಯಲ್ಲಿ ರೋಗಿಯಾಗಿದ್ದ. ಓಲ್ಡಮ್ ಊರಿನ ನೂಲಿನ ಗಿರಣಿಯಲ್ಲಿ ದುಡಿಯುತ್ತಿದ್ದಾಗ ಮೇಸ್ತ್ರಿಯ ನಡಿಗೆ ಅಣಕಿಸಿ ಕೆಲಸ ಕಳೆದುಕೊಂಡ. ಆಮೇಲೆ ಕಾರ್ಮಿಕರ ಕ್ಲಬ್ಬುಗಳಲ್ಲಿ ತಮಾಷೆ ಮಾಡುತ್ತ ಅಲೆದ. ನಲವತ್ತು ದಾಟಿದ ಮೇಲೆ ಅದೃಷ್ಟ ಖುಲಾಯಿಸಿತು. ಪ್ರತಿ ಗುರುವಾರ ಸಂಜೆ ಒಂದು ನಗೆ ಧಾರಾವಾಹಿಯಲ್ಲಿ ಪಿಂಡರ್ ಎಂಬ ಸುಳ್ಳು ರೋಗಿಯಾಗಿ, ಹೊಟ್ಟೆ ಹಿಡಿದುಕೊಂಡು ಡಾಕ್ಟರ ಮುಂದೆ ಕುಸಿಯುತ್ತಿದ್ದ. "ಡಾಕ್ಟ್ರೇ, ಬೆಳಿಗ್ಗೆ ಕುಡಿದಿದ್ದೇ ನನ್ನ ಕೊನೇ ಚಹಾ!" ಅನ್ನುತ್ತಿದ್ದ. ದೇಶವೇ ನಗುತ್ತಿತ್ತು.

ಧಾರಾವಾಹಿ ನಿಂತ ಮೇಲೆ ಕೇಳುವವರಿಲ್ಲ. ಪಾದ್ರಿಯ ಪಾತ್ರ ಕೊಟ್ಟರೂ ಜನ ಇವನು ಯಾವಾಗ ಹೊಟ್ಟೆ ಹಿಡಿದುಕೊಳ್ಳುತ್ತಾನೆ ಎಂದು ಕಾಯುತ್ತಿದ್ದರು. ಹೆಂಡತಿ ಬಿಟ್ಟು ಹೋದಳು. ಗಂಡ ಸತ್ತು ಮೋರ್ಕಮ್ಮಿನ ಕಡಲ ದಂಡೆಯಲ್ಲಿ ಒಬ್ಬಳೇ ಇದ್ದ ನನ್ನ ಮನೆಗೆ ಒಂದು ಪೆಟ್ಟಿಗೆ ಹಿಡಿದು ಬಂದ. ಬಂದವನು ಕಿಟಕಿ ಪಕ್ಕ ಕೂತ; ಆರು ವರ್ಷ ಕೂತ. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಆರನೇ ವರ್ಷದ ಚಳಿಗಾಲದಲ್ಲಿ ಅವನಿಗೆ ನಿಜವಾಗಿಯೇ ಹೊಟ್ಟೆನೋವು ಶುರುವಾಯಿತು. ಒಂದು ದಿನ ಅವನ ವಾಂತಿ ತೊಳೆಯುವಾಗ ರಕ್ತ ಕಂಡೆ.

"ಏಳೋ, ಡಾಕ್ಟರ ಹತ್ರ ಹೋಗೋಣ."

"ಬೇಡ ಅಕ್ಕಾ. ನಗ್ತಾರೆ."

"ನಗ್ಲಿ ಬಿಡೋ, ನಿನ್ನ ಗಂಟೇನು ಹೋಗುತ್ತೆ? ರಕ್ತದ ವಿಷಯ ಹೇಳು, ಸಾಕು. ನೀನು ಹೇಳ್ದಿದ್ರೆ ನಾನೇ ಹೇಳ್ತೀನಿ."

ಒಳಗೆ ಕಾಲಿಟ್ಟದ್ದೇ ಡಾಕ್ಟರ್ ಪ್ರೆಂಟಿಸ್ ಕುರ್ಚಿಯಿಂದೆದ್ದರು. "ಪಿಂಡರ್ ಅಲ್ವಾ! ನಮ್ಮಮ್ಮ ನಿಮ್ಮ ಒಂದು ಕಂತೂ ಬಿಟ್ಟೋರಲ್ಲ! ಏನ್ ಸಾರ್, ಹೊಟ್ಟೆನೋವಾ?"

ಕ್ಲಿಫರ್ಡ್ ನನ್ನ ಕಡೆ ಒಮ್ಮೆ ನೋಡಿದ. ಆಮೇಲೆ ಹೊಟ್ಟೆ ಹಿಡಿದುಕೊಂಡ, ಮೊಣಕಾಲು ಮಡಚಿ ಮೆಲ್ಲಗೆ ಕುಸಿದ, ಆ ಹಾಳು ಚಹಾದ ಮಾತು ಹೇಳಿಯೇಬಿಟ್ಟ. ಡಾಕ್ಟರು ಕಣ್ಣೀರು ಬರುವಷ್ಟು ನಕ್ಕರು. ನರ್ಸನ್ನು ಕರೆದು ಇನ್ನೊಮ್ಮೆ ಮಾಡಿಸಿದರು. ಮಾಡಿದ. ಅಜೀರ್ಣವಿರಬೇಕು ಎಂದು ಮಾತ್ರೆ ಬರೆದುಕೊಟ್ಟರು.

ಆಗಲೇ ನಾನು ಬಾಯಿ ಬಿಡಬೇಕಿತ್ತು. ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅವನ ಮುಖ ನೋಡಿದೆ. ಆರು ವರ್ಷ ಸತ್ತಂತಿದ್ದ ಮುಖಕ್ಕೆ ಕಳೆ ಬಂದಿತ್ತು, ಕೆನ್ನೆ ಕೆಂಪೇರಿತ್ತು. ನಾಳೆ ಹೇಳಿದರಾಯಿತು ಅಂದುಕೊಂಡು ನಾನೂ ನಕ್ಕುಬಿಟ್ಟೆ.

ದಾರಿಯಲ್ಲಿ ಕೇಳಿದ, "ಹೇಗಿತ್ತಕ್ಕಾ?"

"ಚೆನ್ನಾಗಿತ್ತು ಕಣೋ."

"ಎರಡನೇ ಸಲ ಬೀಳೋದು ಸ್ವಲ್ಪ ನಿಧಾನ ಆಯ್ತು, ಅಲ್ವಾ?"

ಮತ್ತೆ ಹೋಗೋಣವೆಂದರೆ ಒಪ್ಪಲಿಲ್ಲ. "ಪಾಪ, ಅಷ್ಟು ನಕ್ಕಿದಾರೆ. ಈಗ ಹೋಗಿ ನಿಜ ಅಂದ್ರೆ ಎಷ್ಟು ಬೇಜಾರಾಗುತ್ತೆ ಅವರಿಗೆ" ಅಂದ. ನಾನೊಬ್ಬಳೇ ಹೋಗಿ ಹೇಳಬಹುದಿತ್ತು. ಇವತ್ತು, ನಾಳೆ ಎಂದು ದಿನ ದೂಡಿದೆ.

ಏಪ್ರಿಲಿನಲ್ಲಿ, ನೋವು ತಡೆಯಲಾರದೆ ಸೇರಿಸಿದಾಗ, ದೊಡ್ಡಾಸ್ಪತ್ರೆಯವರು ಅವನ ಹೊಟ್ಟೆ ತೆರೆದು ನೋಡಿ, ಏನೂ ಮಾಡಲಾಗದೆ ಹಾಗೇ ಹೊಲಿದರು. ಸರ್ಜನ್ ನನ್ನನ್ನು ಪಕ್ಕಕ್ಕೆ ಕರೆದರು.

"ಏನಮ್ಮಾ, ಚಳಿಗಾಲದಲ್ಲೇ ಯಾರಿಗಾದ್ರೂ ತೋರಿಸಬಾರದಿತ್ತಾ?"

"ತೋರಿಸಿದ್ವಿ ಸಾರ್," ಅಂದೆ. "ರಕ್ತದ ವಿಷಯ ಹೇಳ್ಲಿಲ್ಲ."