ಬಡವಾದ ಮಗಳು

ಎಪ್ಪತ್ತರ ದಶಕದಲ್ಲಿ ಡೆಲ್ಲಿಯ ಕರೋಲ್ ಬಾಗಿನ ಜಯಾನಂದನ ಹೋಟೆಲಿನ ದೋಸೆಗೆ ಜನ ಮುಗಿಬೀಳುತ್ತಿದ್ದರು. ಅವನ ಮಗಳು ವಸಂತಿ ಮಾತ್ರ ತಟ್ಟೆ ಕಂಡರೆ ಮುಖ ತಿರುಗಿಸುತ್ತಿದ್ದಳು. ಬೈದು ತಿನ್ನಿಸಿದರೆ ಬಚ್ಚಲಿಗೆ ಹೋಗಿ ಕಕ್ಕಿ ಬರುತ್ತಿದ್ದಳು. ಹದಿನೇಳರ ಹುಡುಗಿ ಒಣಗಿ ಕಡ್ಡಿಯಾಗಿದ್ದಳು. ತಾಯಿ ಪುಷ್ಪಾವತಿಗೆ ಬೇರೇನೂ ಬೇಡ, ಮಗಳು ಉಳಿದರೆ ಸಾಕಿತ್ತು.

ಆದರೆ ಆ ಡಾಕ್ಟರುಗಳೋ! ಒಬ್ಬ ಹುಳದ ಔಷಧ ಕೊಟ್ಟ. ಇನ್ನೊಬ್ಬ ಕ್ಷಯವೆಂದು ಹೆದರಿಸಿ, ಎಕ್ಸ್‌ರೇ ತೆಗೆಸಿ, ಏನೂ ಇಲ್ಲವೆಂದು ಟಾನಿಕ್ ಬರೆದ. ಹೋಟೆಲಿನವರ ಮಗಳಿಗೇ ಉಪವಾಸವೇ ಎಂದು ನಗದವರಿಲ್ಲ. ಆ ನಗು ಕೇಳಿದಾಗಲೆಲ್ಲ ಪುಷ್ಪಾವತಿಗೆ ಮೈಯೆಲ್ಲ ಉರಿಯುತ್ತಿತ್ತು.

ಗಂಡನಿಗೆ ಗಲ್ಲಾ ಬಿಟ್ಟೇಳಲು ಪುರುಸೊತ್ತಿಲ್ಲ. ಕೊನೆಗೆ ತಾನೇ ಮಗಳನ್ನು ದೊಡ್ಡಾಸ್ಪತ್ರೆಗೆ ಕರೆದೊಯ್ದಳು. ಅವಳ ಹಿಂದಿ ತರಕಾರಿ ಭಯ್ಯಾನ ಜತೆ ಚೌಕಾಸಿಗಷ್ಟೇ ಸಾಕಾಗುವಂಥದ್ದು. ಮಗಳು ಬಡವಾಗಿದ್ದಾಳೆ ಅನ್ನಬೇಕಿತ್ತು. ಬಡವ ಅಂದರೆ ಗರೀಬ್ ತಾನೇ? "ಡಾಕ್ಟರ್ ಸಾಬ್, ಬಚ್ಚೀ ಬಹುತ್ ಗರೀಬ್ ಹೋ ಗಯೀ" ಎಂದುಬಿಟ್ಟಳು. ಆ ಪುಣ್ಯಾತ್ಮ ಮರುಗಿ, ಕಂಪೌಂಡರನಿಂದ ಧರ್ಮದ ಹಾಲಿನ ಪುಡಿ ಡಬ್ಬಿ ಕೊಡಿಸಿ ಕಳಿಸಿದ.

ಗರೀಬ್ ಅಂದರೆ ದುಡ್ಡಿಲ್ಲದವರು, ಸೊರಗಿದವರಲ್ಲ ಎಂದು ಮನೆಯಲ್ಲಿ ಜಯಾನಂದ ತಲೆ ಚಚ್ಚಿಕೊಂಡ. ಪುಷ್ಪಾವತಿಯ ಸಿಟ್ಟು ಮಗಳ ಮೇಲೆ ತಿರುಗಿತು. ಡೆಲ್ಲಿಯಲ್ಲೇ ಬೆಳೆದವಳು, ಹಿಂದಿ ನೀರು ಕುಡಿದಂತೆ ಮಾತಾಡುವವಳು, ಪಕ್ಕದಲ್ಲೇ ಕೂತು ಬಾಯಿ ಬಿಡಲಿಲ್ಲವಲ್ಲ!

"ನನ್ನನ್ನ ಯಾರೂ ಕೇಳ್ಲಿಲ್ಲ, ಅಮ್ಮ."

ಹೌದಲ್ಲ. ಯಾವ ಡಾಕ್ಟರೂ ಕೇಳಿರಲಿಲ್ಲ. ತಿನ್ನು ತಿನ್ನು ಎಂದು ಬೈದ ತಾನೂ ಕೇಳಿರಲಿಲ್ಲ. ಪುಷ್ಪಾವತಿ ಪಕ್ಕದಲ್ಲಿ ಕೂತು ಕೇಳಿದಳು.

"ಅನ್ನ ನೋಡಿದ್ರೆ ಡರ್ ಲಗ್ತಾ ಹೈ, ಅಮ್ಮ. ದಪ್ಪ ಆಗ್ತೇನೆ ಅಂತ. ಎಷ್ಟು ಬೇಡ ಅಂದ್ಕೊಂಡ್ರೂ ಆ ಹೆದರಿಕೆ ಹೋಗೋದಿಲ್ಲ."

ಮರುವಾರ ಮತ್ತೆ ಅದೇ ಡಾಕ್ಟರ ಹತ್ತಿರ ಹೋದರು. ಈ ಸಲ ವಸಂತಿಯೇ ಹಿಂದಿಯಲ್ಲಿ ಎಲ್ಲ ಬಿಡಿಸಿ ಹೇಳಿದಳು. ಆತ ಅವಳತ್ತ ನೋಡದೆ ತಾಯಿಗೆ ಏನೋ ಅಂದ.

"ಮದುವೆ ಮಾಡಿ, ಎಲ್ಲ ಸರಿ ಆಗ್ತದೆ ಅಂತಿದ್ದಾರೆ" ಎಂದಳು ವಸಂತಿ.

ಪುಷ್ಪಾವತಿಗೆ ಪಿತ್ತ ನೆತ್ತಿಗೇರಿತು. "ಮದ್ದು ಗೊತ್ತಿಲ್ಲದಿದ್ರೆ ಗೊತ್ತಿಲ್ಲ ಅನ್ಲಿಕ್ಕೆ ಹೇಳು."

ವಸಂತಿ ಒಂದಕ್ಷರ ಬಿಡದೆ ಹೇಳಿದಳು. ಡಾಕ್ಟರ್ ಪೆನ್ನಿಗೆ ಮುಚ್ಚಳ ಹಾಕಿ, ತನಗೆ ಗೊತ್ತಿಲ್ಲವೆಂದ. ಹಾಗಾದರೆ ಯಾರಿಗೆ ಗೊತ್ತು ಎಂದು ಪುಷ್ಪಾವತಿ ಕೇಳಿಸಿದ್ದಕ್ಕೂ ಅದೇ ಉತ್ತರ ಬಂತು.

ಹೊರಬಂದಾಗ ಕಂಪೌಂಡರ್ ಅವರ ಗುರುತು ಹಿಡಿದ. ಪಾಪ, ಗರೀಬರೆಂದು, ಪುಷ್ಪಾವತಿಯ ಕೈಗೆ ಇನ್ನೊಂದು ಡಬ್ಬಿ ಹಾಲಿನ ಪುಡಿ ಇಟ್ಟ.